ಈಶಾನ್ಯದ ರ್‍ಯಾಂಪು

ಹರಪನಹಳ್ಳಿಯಲ್ಲಿ ನಾನು ಕಟ್ಟಡಗಳ ನಕ್ಷೆ ಬರೆದುಕೊಡುವ ಎಂಜಿನಿಯರ್. ಕೊಟ್ಟೂರು ರಸ್ತೆಯಲ್ಲಿ ಹೊಸ ಮನೆಗಳನ್ನು ಕಟ್ಟಿಸುತ್ತಿದ್ದ ಯಜಮಾನರು, ಅವುಗಳ ಪಕ್ಕದಲ್ಲೇ ಮೂರಂತಸ್ತಿನ ಶಾಲೆಯೂ ಬೇಕೆಂದಾಗ ಹಿಗ್ಗಿಹೋದೆ. ಅಲ್ಲೇ ನಮಗೂ ಒಂದು ಮನೆ ಹಿಡಿದೆ. ಮಗಳಿಗೆ ಹುಟ್ಟಿನಿಂದಲೇ ಕಾಲಲ್ಲಿ ಬಲವಿಲ್ಲ, ಗಾಲಿಕುರ್ಚಿಯಲ್ಲೇ ಅವಳ ಓಡಾಟ. ಶಾಲೆ ಅಂಗಳದಷ್ಟು ಹತ್ತಿರವಿದ್ದರೆ ಯಾರ ಹಂಗೂ ಬೇಡವಲ್ಲ.

ಎಲ್ಲಕ್ಕಿಂತ ಮೊದಲು ನಾನು ಗೆರೆ ಎಳೆದದ್ದು ರ್‍ಯಾಂಪಿಗೆ. ಮೇಲಿನ ತನಕ ಕುರ್ಚಿ ತಳ್ಳಿಕೊಂಡು ಹೋಗುವಂಥ ಇಳಿಜಾರು. ಜಾಗದ ಮುಕ್ಕಾಲು ಪಾಲನ್ನು ಮನೆಗಳೇ ನುಂಗಿದ್ದರಿಂದ ಅದು ಈಶಾನ್ಯ ಮೂಲೆಗೆ ಬಂತು. ಯಜಮಾನರು ತಲೆದೂಗಿದರು. ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ವಾಸ್ತು ನೋಡುವವರು ಬಂದರು, ದಿಕ್ಸೂಚಿ ಇಟ್ಟರು, ಮುಖ ಸಿಂಡರಿಸಿದರು.

"ಈಶಾನ್ಯದಾಗ ಭಾರ ಏರಿಸಬಾರದ್ರಿ. ಮನಿ ತಗಂಡೋರಿಗೆಲ್ಲ ಕೇಡು."

ಮನೆ ಕೊಳ್ಳುವವರಿಗೆ ಕೇಡು ಎಂದ ಮೇಲೆ ನನ್ನ ಮಾತು ಯಾರಿಗೆ ಬೇಕು? ಬೇರೆ ಮೂಲೆ ಕೇಳಿದೆ, ಅಲ್ಲಿ ನೀರಿನ ಟ್ಯಾಂಕು. ಲಿಫ್ಟ್ ಕೇಳಿದೆ, ಕರೆಂಟು ಹೋದರೆ ಮಕ್ಕಳು ಸಿಕ್ಕಿಬೀಳುತ್ತಾರೆ ಎಂದರು. ಶಾಲೆಯ ಕೆಳಗಿನ ಅಂತಸ್ತಿನಲ್ಲಿ ರಸ್ತೆ ಬದಿಯ ಕೋಣೆಗಳು ಬಾಡಿಗೆ ಅಂಗಡಿಗಳ ಪಾಲಾದವು. ಮಂಜೂರಾತಿಗೆ ಹೋದ ನಕ್ಷೆಯಲ್ಲಿ ರ್‍ಯಾಂಪು ಉಳಿಯಿತು, ಕಟ್ಟಡದಲ್ಲಿ ಉಳಿಯಲಿಲ್ಲ. ಜಗಳವಾಡಿದೆ, ಕೈಮುಗಿದೆ, ಯಾವುದೂ ನಾಟಲಿಲ್ಲ. ಕೆಲಸ ಬಿಡುತ್ತೇನೆಂದರೆ ಯಜಮಾನರು ನಿಮ್ಮಿಷ್ಟ ಎಂದು ನನಗೇ ಚಹಾ ತರಿಸಿದರು. ಅವರು ಕೆಟ್ಟವರಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ.

ಶಾಲೆ ಶುರುವಾಯಿತು. ಮೂರನೇ ತರಗತಿಯವರೆಗೆ ಕೆಳಗೆ, ನಾಲ್ಕರಿಂದ ಮೇಲೆ. ಮಗಳು ಮೂರನೆಯದನ್ನು ಅಲ್ಲೇ ಓದಿದಳು, ಎಲ್ಲರಿಗಿಂತ ಹೆಚ್ಚು ಅಂಕ ತಂದಳು. ಬೇಸಿಗೆ ರಜೆ ಮುಗಿಯುವ ಮುಂಚೆ ಅವಳನ್ನು ಕರೆದುಕೊಂಡು ಹೋಗಿ, ನಾಲ್ಕನೇ ತರಗತಿಯನ್ನು ಕೆಳಗೆ ತನ್ನಿ ಎಂದು ಹೆಡ್‌ಮಾಸ್ತರರನ್ನು ಬೇಡಿಕೊಂಡೆ. ಅಂಗಡಿಗಳಿಗೆ ಹೋಗಿ ಉಳಿದ ಕೆಳಗಿನ ಕೋಣೆಗಳೆಲ್ಲ ತುಂಬಿವೆ ಎಂದು ಅವರು ನೊಂದುಕೊಂಡೇ ಹೇಳಿದರು. ದಿನಾ ನಾನೇ ಎತ್ತಿಕೊಂಡು ಹತ್ತಿಸುತ್ತೇನೆಂದೆ. ಮೆಟ್ಟಿಲಲ್ಲಿ ಬಿದ್ದರೆ ಯಾರು ಹೊಣೆ ಎಂದರು. ಆಮೇಲೆ ಉಪಾಯ ಹೊಳೆದವರಂತೆ ಅವಳ ತಲೆ ಸವರಿದರು.

"ಇನ್ನೊಂದು ವರ್ಷ ಮೂರನೇ ಕ್ಲಾಸಿನಾಗ ಕುಂದರ್ಲಿ ಬಿಡ್ರಿ. ಹುಡುಗಿ ಶಾಣ್ಯಾಕಿ ಅದಾಳ, ಏನೂ ಆಗಂಗಿಲ್ಲ."

ಮಗಳು ನನ್ನ ತೋಳು ಜಗ್ಗಿದಳು.

"ಅಪ್ಪಾ, ನಾನು ಪಾಸಾಗೀನಿ ಅಂತ ಇವರಿಗೆ ಹೇಳು."