ಒದ್ದೆ ಮಡಿ

ತಂಗಿಯ ಸೀರೆಗೆ ಬಚ್ಚಲ ಒಲೆಯ ಬೆಂಕಿ ತಗುಲಿತು. ಹೊನ್ನಾವರದಿಂದ ಭಟ್ಕಳ ದಾಟಿ ದಕ್ಷಿಣದ ದೊಡ್ಡ ಆಸ್ಪತ್ರೆಗೆ ಒಯ್ದರು. ಜೊತೆಗಿರಲು ನಾನು ಹೋದೆ. ಕುಮಟೆಯ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವಳು ನಾನು. ಹೊತ್ತಿಗೆ ಏಳುವುದು, ಹೊತ್ತಿಗೆ ಉಣ್ಣುವುದು, ಹೇಳಿದಷ್ಟು ಮಾಡುವುದು ಅಭ್ಯಾಸವಾಗಿತ್ತು. ಅಲ್ಲಿ ಅದು ಉಪಯೋಗಕ್ಕೆ ಬಂತು.

ಗಾಯ ಮೊದಲು ಒಣಗುತ್ತಿರುವಂತೆ ಕಂಡಿತು. ಆಮೇಲೆ ಹಸಿರು ಕೀವು ಬಂತು, ಜ್ವರ ಬಂತು. ಕೀವನ್ನು ಪರೀಕ್ಷೆಗೆ ಕಳಿಸಿದರು. ಮಾಮೂಲು ಆಂಟಿಬಯೋಟಿಕ್‌ಗಳಿಗೆ ಈ ರೋಗಾಣು ಬಗ್ಗುವುದಿಲ್ಲ, ಉಳಿದಿರುವುದು ಒಂದೇ ಔಷಧಿ, ಅದು ಕಿಡ್ನಿಗೆ ಭಾರ ಎಂದು ಡಾಕ್ಟರು ಹೇಳಿದರು. ಕೈಯಿಂದ ಕೈಗೆ ಹರಡಿ ಪಕ್ಕದ ಹಾಸಿಗೆಯವರಿಗೂ ತಗುಲುತ್ತದಂತೆ. ಅವಳನ್ನು ಬೇರೆ ಕೋಣೆಗೆ ಹಾಕಿದರು. ಒಳಗೆ ಹೋಗುವವರು ಕೈ ತೊಳೆದು, ಗೌನು ತೊಟ್ಟು, ರಬ್ಬರಿನ ಕೈಗವಸು ಹಾಕಿಕೊಳ್ಳಬೇಕು.

ನೋಡಲು ಬಂದ ನೆಂಟರಿಗೆ ಇದು ತಲೆಗೆ ಹೋಗಲಿಲ್ಲ. ಬರಿಗೈಯಲ್ಲೇ ಹಣೆ ಸವರಲು ಹೋಗುತ್ತಿದ್ದರು. ನರ್ಸ್ ಕೂಗಿ ಸೋತಳು. ಕೊನೆಗೆ ನಾನು, "ತಂಗಿ ಮಡೀಲಿದ್ದು, ಮುಟ್ಲಾಗ" ಅಂದೆ. ಎಲ್ಲರೂ ಹಿಂದೆ ಸರಿದರು.

ಆ ಮಾತು ತಂಗಿಯ ಗಂಡನ ಊರು ಕರ್ಕಿಗೂ ಮುಟ್ಟಿತು. ತಂಗಿಯ ಅತ್ತೆ ಅಲ್ಲಿಂದ ಬಂದವರು ಮೊದಲು ಕೇಳಿದ್ದು ಬಚ್ಚಲು ಎಲ್ಲಿದೆ ಎಂದು. ತಲೆಯಿಂದ ನೀರು ಸುರಿಸಿಕೊಂಡು, ಉಟ್ಟ ಸೀರೆಯಲ್ಲೇ ಒದ್ದೆಯಾಗಿ ನಡೆದು ಬಂದರು.

"ಎಂತ ಅಜ್ಜಿ ಇದು? ಜಾರಿ ಬಿದ್ರೆ ಸೊಂಟ ಹೋಗ್ತದೆ" ಎಂದು ನರ್ಸ್ ಬಾಗಿಲಿಗೆ ಅಡ್ಡ ನಿಂತಳು.

"ಮಿಂದ್ಕಂಡು ಬಂಜಿ. ಮಡೀಲಿದ್ದವ್ರನ್ನ ಮಡೀಲಿದ್ದವ್ರು ಮುಟ್ಲಕ್ಕು. ಈ ವಾರ್ಡನ್ನಮ್ಮಂಗೆ ಅಷ್ಟೂ ಗೊತ್ತಿಲ್ಯ?"

ಮಡಿಯವರನ್ನು ಮಡಿಯವರು ಮುಟ್ಟಬಹುದು; ಅವರ ಲೆಕ್ಕದಲ್ಲಿ ಅದು ಸರಿಯೇ. ರೋಗಾಣು ಸ್ನಾನದಿಂದ ತೊಲಗುವಂಥದ್ದಲ್ಲ ಎಂದು ನಾನು ತಿಳಿಸಿ ಹೇಳಿದೆ. ನರ್ಸ್ ಕೈಗವಸು ಕೊಟ್ಟಳು. ಅವರು ಅದನ್ನು ಮೂಸಿ ನೋಡಿದರು.

"ಯಾರ್ಯಾರು ಮುಟ್ಟಿದ್ದೋ ಎಂತದೋ. ಇದ್ನ ಹಾಕ್ಯಂಡ್ರೆ ಮಿಂದಿದ್ದು ಎಂತಕ್ಕೆ?"

ಹಿಂದೆ ಕೊಟ್ಟು, ಹೊರಗಿನ ಬೆಂಚಿನ ಮೇಲೆ ಕೂತರು.

ಒಳಗೆ ತಂಗಿ ಕೇಳಿದಳು, "ಅತ್ತೆ ಬಂತಾ?"

"ಬಂತು. ಹೊರಗಿದ್ದು."

"ಒಳಗೆ ಬತ್ತಿಲ್ಯಾ?"

"ಸೀರೆ ಒಣಗ್ಲಿ" ಅಂದೆ.

ಸೀರೆ ಒಣಗಿತು. ಅವರು ಬರಲಿಲ್ಲ. ಹತ್ತಿರದ ನೆಂಟರ ಮನೆಯಲ್ಲಿ ಉಳಿದು, ದಿನವೂ ಬಸ್ಸಿನಲ್ಲಿ ಬಂದು, ಆಸ್ಪತ್ರೆಯ ಬಚ್ಚಲಲ್ಲಿ ಮಿಂದು ಬೆಂಚಿನ ಮೇಲೆ ಕೂರುತ್ತಿದ್ದರು. ತಂಗಿ ದಿನವೂ ಅದನ್ನೇ ಕೇಳುತ್ತಿದ್ದಳು.

ನಂಜು ರಕ್ತಕ್ಕೆ ಸೇರಿತು. ಮೂತ್ರ ಕಟ್ಟಿತು. ಇನ್ನು ಹೆಚ್ಚು ಹೊತ್ತಿಲ್ಲ ಎಂದು ಡಾಕ್ಟರು ಬೆಳಿಗ್ಗೆ ಹೇಳಿದಾಗ ನಾನು ತಲೆಯಾಡಿಸಿ, ಮುಂದಿನ ಇಂಜೆಕ್ಷನ್ ಎಷ್ಟು ಹೊತ್ತಿಗೆ ಎಂದು ಕೇಳಿದೆ. ಹೊರಗೆ ಬಂದೆ. ಅತ್ತೆ ಆಗಷ್ಟೇ ಬಸ್ಸಿಳಿದು ಬಂದಿದ್ದರು, ಬಚ್ಚಲಿಗೆ ಹೊರಟಿದ್ದರು. ವಿಷಯ ಹೇಳಿದೆ.

ಅವರು ಚೀಲ ಕೆಳಗಿಟ್ಟು, ಬಳೆಗಾರನ ಮುಂದೆ ಹಿಡಿಯುವಂತೆ ಎರಡೂ ಕೈಗಳನ್ನು ನರ್ಸಿನ ಮುಂದೆ ಚಾಚಿದರು. ಕೈ ತೊಳೆಸಿ, ಗೌನು ಹಾಕಿಸಿದ ಮೇಲೆ "ಬೆರಳು ಸಡಿಲ ಬಿಡಿ ಅಜ್ಜಿ" ಎನ್ನುತ್ತ ಅವಳು ಕೈಗವಸು ತೊಡಿಸಿದಳು.

ಒಳಗೆ ಹೋಗಿ ತಂಗಿಯ ಕೈ ಹಿಡಿದುಕೊಂಡರು. ಅವಳು ಕಣ್ಣು ತೆರೆಯಲಿಲ್ಲ.

"ನರ್ಸಾ?"

"ಅಲ್ದೇ, ಆನು."

ತಂಗಿ ಕೇಳಿದಳು, "ಮಿಂದಾತಾ, ಅತ್ತೆ?"

"ಇಲ್ಲೆ" ಎಂದರು ಅತ್ತೆ. ಕೈ ಬಿಡಲಿಲ್ಲ.

ಮಧ್ಯಾಹ್ನ ತಂಗಿ ಹೋದಳು. ಕೈಗವಸನ್ನು ಒಳಮೈ ಹೊರಗೆ ಬರುವ ಹಾಗೆ ಎಳೆದು ತೆಗೆಯಬೇಕು. ನಾನು ತೋರಿಸಿಕೊಟ್ಟೆ. ಅತ್ತೆ ಹಾಗೆಯೇ ತೆಗೆದು ಬುಟ್ಟಿಗೆ ಹಾಕಿದರು.