ಬಾಲ ಭಾರವಾದ ಕ್ಯಾರವಾನ್

೨೦೨೨ರ ಕೊನೆಯ ತಿಂಗಳುಗಳು. ನಾನಾಗ ಕುವೈತಿನ ರಾಯ್ ಪ್ರದೇಶದ ಒಂದು ಟ್ರೈಲರ್ ವರ್ಕ್‌ಶಾಪಿನಲ್ಲಿ ಸರ್ವಿಸ್ ಮ್ಯಾನೇಜರ್ ಆಗಿದ್ದೆ. ಹುದ್ದೆಯ ಹೆಸರೇನೋ ದೊಡ್ಡದು. ಕೆಲಸ ಮಾತ್ರ ಗ್ರಾಹಕರ ಬೈಗುಳಕ್ಕೂ ವೆಲ್ಡರ್‌ಗಳ ಗೊಣಗಾಟಕ್ಕೂ ನಡುವೆ ಓಡಾಡುವುದು. ನವೆಂಬರ್ ಮಧ್ಯದಿಂದ ಮಾರ್ಚ್ ಮಧ್ಯದವರೆಗೆ ಇಲ್ಲಿ ಮರುಭೂಮಿ ಬಿಡಾರದ ಕಾಲ. ಕುವೈತಿ ಕುಟುಂಬಗಳು ಊರಾಚೆ ಡೇರೆ ಹಾಕಿ ವಾರದ ಕೊನೆಯನ್ನು ಅಲ್ಲೇ ಕಳೆಯುತ್ತವೆ. ಪಿಕಪ್‌ನ ಹಿಂದೆ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಪುಟ್ಟ ಮನೆ, ಕಟ್ಟಿಕೊಂಡು ಹೊರಡುತ್ತವೆ. ಆ ತಿಂಗಳುಗಳಲ್ಲಿ ನಮಗೆ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರುತ್ತಿರಲಿಲ್ಲ.

ನಾನು ಮೊದಲೇ ಕೂತಲ್ಲಿ ಕೂರುವ ಮನುಷ್ಯನಲ್ಲ. ನಮ್ಮ ಎದುರಿನ ಶೋರೂಮಿನ ನೆತ್ತಿಯಲ್ಲಿ ಒಂದು ಬಾವುಟ ಇತ್ತು. ಅದು ಪಟಪಟ ಎನ್ನುತ್ತಿದ್ದರೆ ತೊಂದರೆಯಿಲ್ಲ. ಹಲಗೆಯ ಹಾಗೆ ಸೆಟೆದು ನಿಂತಿತೋ, ಮೇಜಿನಡಿ ನನ್ನ ಕಾಲು ತಾನಾಗಿಯೇ ಅಲುಗಲು ಶುರು. ವಾಯವ್ಯದಿಂದ ಗಾಳಿ ಹಾಗೆ ಬೀಸುವ ದಿನ ನಾವು ಹಿಚ್, ಅಂದರೆ ಟ್ರೈಲರ್ ಸಿಕ್ಕಿಸುವ ಕೊಂಡಿ, ಕೂಡಿಸಿ ಕಳಿಸಿದ ಎಷ್ಟು ಗಾಡಿಗಳು ರಸ್ತೆಯಲ್ಲಿವೆ ಎಂಬ ಲೆಕ್ಕ ತಲೆಯಲ್ಲಿ ಓಡುತ್ತಿತ್ತು. "ಕುರ್ಚಿಯಲ್ಲಿ ಮುಳ್ಳು ಉಂಟಾ ನಿಮಗೆ?" ಎಂದು ಹೆಂಡತಿ ಸುಮತಿ ಊಟದ ಹೊತ್ತಿಗೂ ಕೇಳುತ್ತಿದ್ದಳು.

ಗಾಳಿಗೆ ನಾನು ಹೆದರುತ್ತಿದ್ದದ್ದು ಸ್ವೇ ಎಂಬುದರಿಂದಾಗಿ. ಟ್ರೈಲರ್‌ನ ಹಿಂಭಾಗ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬೀಸತೊಡಗುತ್ತದೆ. ಮೊದಲು ಒಂದು ಗೇಣು, ಆಮೇಲೆ ಒಂದು ಮೊಳ. ಸಕಾಲಕ್ಕೆ ತಡೆಯದಿದ್ದರೆ ಎಳೆಯುವ ಪಿಕಪ್ಪನ್ನೇ ತಿರುಗಿಸಿ ಬಿಸಾಡುತ್ತದೆ.

ಅಂಥದ್ದೊಂದು ಗಾಡಿಯನ್ನು ಅಬು ಖಾಲಿದ್ ನಮ್ಮಲ್ಲಿಗೆ ತಂದರು. ನಡುವಯಸ್ಸಿನ ಕುವೈತಿ, ನಮ್ಮ ಹಳೆಯ ಗಿರಾಕಿ, ಒಳ್ಳೆಯ ಮನುಷ್ಯ. ಸಿಟ್ಟು ಮಾತ್ರ ಮೂಗಿನ ತುದಿಯಲ್ಲೇ. ಕ್ಯಾರವಾನ್‌ನ ಬಲಬದಿ ಉದ್ದಕ್ಕೂ ಕೆರೆದುಹೋಗಿತ್ತು. ಸಾಲ್ಮಿ ರಸ್ತೆಯಲ್ಲಿ ಗಾಳಿಗೆ ಹೊಯ್ದಾಡಿ ಕಬ್ಬಿಣದ ತಡೆಗೋಡೆಗೆ ಉಜ್ಜಿತ್ತಂತೆ. ಗಾಡಿ ಓಡಿಸಿದ್ದವನು ಅವರ ಮನೆಯ ಡ್ರೈವರ್ ಹಮೀದ್. ಅಬು ಖಾಲಿದ್ ಆವತ್ತು ಜೊತೆಗಿರಲಿಲ್ಲ.

"ಇವನು ಮೊಬೈಲ್ ನೋಡ್ತಾ ಓಡಿಸಿದ್ದಾನೆ," ಎಂದರು ಅವರು, ಅರಬಿ-ಇಂಗ್ಲಿಷ್ ಕಲಸಿ. "ನೀನು ಆಂಟಿ-ಸ್ವೇ ಬಾರ್ ಹಾಕು. ಇನ್ನೊಂದು ಸಲ ಹೀಗಾದರೆ ಇವನ ಇಕಾಮಾ ಕ್ಯಾನ್ಸಲ್. ಖಲಾಸ್."

ಇಕಾಮಾ ಎಂದರೆ ಇಲ್ಲಿ ನೆಲೆಸಲು ಬೇಕಾದ ಪರವಾನಗಿ, ಅದು ಹೋದರೆ ಊರಿಗೆ ವಾಪಸ್. ಹಮೀದ್ ಅವರ ಬೆನ್ನ ಹಿಂದೆ ಕೈಕಟ್ಟಿ ನಿಂತಿದ್ದ. ಉಪ್ಪಿನಂಗಡಿ ಕಡೆಯ ಬ್ಯಾರಿ, ನನ್ನಷ್ಟೇ ವಯಸ್ಸು. ನಾನು ಕಾಪುವಿನವನು. ನಾವಿಬ್ಬರೂ ಸಿಕ್ಕರೆ ತುಳುವಿಗೆ ಕನ್ನಡ ಬೆರೆಸಿ ಮಾತಾಡುತ್ತಿದ್ದೆವು. ಮಾಲೀಕರು ಆಚೆ ಹೋದ ಮೇಲೆ ಅವನು ಬಾಯಿಬಿಟ್ಟ.

"ಮೊಬೈಲ್ ನಾನು ಮುಟ್ಟಿದ್ದೇ ಇಲ್ಲ ಮಾರಾಯ್ರೆ. ಎರಡೂ ಕೈ ಸ್ಟೇರಿಂಗಿನಲ್ಲೇ ಇತ್ತು. ಇವರು ಕಳಿಸಿದ್ರೆ ಕಳಿಸ್ಲಿ. ಆದ್ರೆ ಗಾಡಿ ಓಡಿಸ್ಲಿಕ್ಕೆ ಬರುದಿಲ್ಲ ಅಂತ ಹೇಳಿಸ್ಕೊಂಡು ಊರಿಗೆ ಹೇಗೆ ಹೋಗುದು?"

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆಯನ್ನು ಡ್ರೈವರ್‌ಗಳ ಮೇಲೆ ನಾನೇ ಎಷ್ಟೋ ಸಲ ಪ್ರಯೋಗಿಸಿದ್ದೇನೆ. ಆದರೆ ಕೆಲವೊಮ್ಮೆ ನೆಲ ನಿಜಕ್ಕೂ ಡೊಂಕಾಗಿರುತ್ತದೆ. ಅವನ ಮುಖ ನೋಡಿದಾಗ ನನಗೆ ಹಾಗೇ ಅನಿಸಿತು.

ಗಾಡಿಯನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿದೆವು. ಟೈರಿನ ಗಾಳಿ ಸರಿ, ಹಿಚ್‌ನ ಎತ್ತರ ಸರಿ, ಟ್ರೈಲರ್‌ನ ಎಲೆಕ್ಟ್ರಿಕ್ ಬ್ರೇಕ್ ಸರಿ. ಹೇಳಿದ ಬಾರ್ ಕೂಡಿಸಿ ಜಹ್ರಾದವರೆಗೆ ಓಡಿಸಿ ನೋಡಿದರೆ ನೂಲು ಹಿಡಿದ ಹಾಗೆ ನೇರ. ನಮ್ಮ ವೆಲ್ಡರ್ "ಚಲೋ ಭಾಯಿ, ಹೋ ಗಯಾ" ಎಂದು ಕೈತೊಳೆದುಕೊಂಡ. ನನಗೆ ಸಮಾಧಾನ ಆಗಲಿಲ್ಲ. ಖಾಲಿ ಟ್ರೈಲರ್ ಎಂದೂ ನಿಜ ಹೇಳುವುದಿಲ್ಲ. ಸಾಮಾನು ತುಂಬಿ ಒಮ್ಮೆ ತನ್ನಿ, ತೂಕ ನೋಡಬೇಕು ಎಂದು ಅಬು ಖಾಲಿದ್‌ಗೆ ಫೋನ್ ಮಾಡಿದೆ.

"ಸಾಮಾನು ತುಂಬುವುದು ನನ್ನ ತಾಯಿಯ ಕೆಲಸ. ಅದಕ್ಕೂ ನಿನ್ನ ವರ್ಕ್‌ಶಾಪಿಗೂ ಏನು ಸಂಬಂಧ? ಗುರುವಾರ ಹೊರಡುತ್ತೇವೆ, ಯಲ್ಲಾ," ಎಂದು ಫೋನ್ ಇಟ್ಟುಬಿಟ್ಟರು.

ಗುರುವಾರ ಬೆಳಿಗ್ಗೆ ಬಾವುಟ ಹಲಗೆಯಾಗಿತ್ತು. ಎರಡು ಚಾ ಕುಡಿದೆ, ಎರಡೂ ಅರ್ಧಕ್ಕೆ ಬಿಟ್ಟೆ. ಕೊನೆಗೆ ಟಂಗ್ ವೇಟ್ ಅಳೆಯುವ ಪುಟ್ಟ ತೂಕದ ಯಂತ್ರವನ್ನು ಕಾರಿಗೆ ಹಾಕಿಕೊಂಡು, ಯಾರೂ ಕರೆಯದೆ, ಅಂದಲುಸ್‌ನಲ್ಲಿದ್ದ ಅವರ ಮನೆಗೆ ಹೋದೆ. ಟಂಗ್ ಎಂದರೆ ಟ್ರೈಲರ್ ಮುಂದಕ್ಕೆ ಚಾಚಿ ಪಿಕಪ್ಪಿನ ಹಿಚ್‌ ಮೇಲೆ ಕೂರುವ ಮೂಗು. ಆ ಮೂಗು ಹಿಚ್ಚನ್ನು ಎಷ್ಟು ಭಾರದಿಂದ ಒತ್ತುತ್ತದೆ ಎಂಬುದೇ ಟಂಗ್ ವೇಟ್. ಒಟ್ಟು ತೂಕದ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಅಲ್ಲಿರಬೇಕು. ಕಡಿಮೆಯಾದರೆ ಬಾಲ ಭಾರವಾಗುತ್ತದೆ, ಬಾಲ ಭಾರವಾದರೆ ಗಾಳಿಗೆ ಬೀಸುತ್ತದೆ.

ಅಂಗಳದಲ್ಲಿ ಕುರ್ಚಿ ಹಾಕಿಸಿಕೊಂಡು ಅಬು ಖಾಲಿದರ ತಾಯಿ ಕೂತಿದ್ದರು. ಎಲ್ಲರೂ ಅವರನ್ನು ಕರೆಯುವುದು ಯುಮ್ಮಾ ಎಂದು. ಕೈಯಲ್ಲಿ ಕೋಲು, ಅದು ಊರಿಕೊಳ್ಳಲಿಕ್ಕಲ್ಲ, ತೋರಿಸಲಿಕ್ಕೆ. ಕೋಲು ತೋರಿಸಿದಂತೆ ಹಾಸಿಗೆ, ದಿಂಬು, ಡೇರೆಯ ಜಮಖಾನ ಎಲ್ಲ ಮೊದಲು ಒಳಗೆ ಹೋಗಿ ಮೂಗಿನ ಕಡೆ ಸೇರಿದವು. ಕೊನೆಗೆ ಜನರೇಟರ್, ನೀರಿನ ಡ್ರಮ್ಮುಗಳು, ಗ್ಯಾಸ್ ಸಿಲಿಂಡರ್, ಅಕ್ಕಿ ಚೀಲ, ಕಾಫಿಯ ಹೂಜಿಗಳಿದ್ದ ಮರದ ಪೆಟ್ಟಿಗೆ. ಕ್ಯಾರವಾನ್‌ಗೆ ಇದ್ದದ್ದು ಹಿಂದುಗಡೆ ಒಂದೇ ದೊಡ್ಡ ಬಾಗಿಲು. ಹಾಗಾಗಿ ಭಾರದ್ದೆಲ್ಲ ಬಾಲದಲ್ಲಿ ಕೂತಿತು.

ಯಂತ್ರ ಇಟ್ಟು ನೋಡಿದೆ. ಒಟ್ಟು ಎರಡು ಸಾವಿರದ ನೂರು ಕಿಲೋ ಆಗುವಂಥ ಗಾಡಿಗೆ ಟಂಗ್ ವೇಟ್ ಬರೀ ಅರವತ್ತು ಕಿಲೋ, ನೂರಕ್ಕೆ ಮೂರೂ ಇಲ್ಲ. ಈ ಗಾಡಿಯನ್ನು ಗಾಳಿಯಲ್ಲಿ ಯಾರು ಓಡಿಸಿದರೂ ಹೊಯ್ದಾಡುತ್ತದೆ.

ಭಾರದ್ದನ್ನು ಮುಂದಕ್ಕೆ ಹಾಕಬೇಕು ಎಂದೆ. ಯುಮ್ಮಾ ಕೋಲನ್ನು ನೆಲಕ್ಕೆ ಕುಟ್ಟಿದರು. ಅವರ ವಾದವೇ ಬೇರೆ. ಬಿಡಾರಕ್ಕೆ ಹೋಗಿ ಇಳಿಯುವ ಹೊತ್ತಿಗೆ ಅಕ್ಕಪಕ್ಕದ ಡೇರೆಯವರು ನೋಡಲು ಬಂದುಬಿಡುತ್ತಾರೆ. ಡೇರೆ ಏಳುವ ಮೊದಲು ಕಾಫಿ ಏಳಬೇಕು. ಮೊದಲು ಬೇಕಾದದ್ದು ಕೊನೆಗೆ ತುಂಬಬೇಕು. "ನನ್ನ ಗಂಡನ ಬಿಡಾರದಲ್ಲಿ ಅತಿಥಿ ಎಂದೂ ಕಾಫಿಗೆ ಕಾದವನಲ್ಲ. ಹಾಸಿಗೆ ಮೊದಲು ತೆಗೆದು ನೀರು ಹುಡುಕಲಾ ನಾನು?" ಎಂದರು. ಅಬು ಖಾಲಿದ್ ನನ್ನತ್ತ ತಿರುಗಿ, "ಬಾರ್ ಹಾಕಿದ್ದೀಯಲ್ಲ, ಅದು ಮತ್ತೆ ಯಾತಕ್ಕೆ?" ಎಂದರು. ಬಾರ್ ಸ್ವಲ್ಪ ಹೊಯ್ದಾಟವನ್ನು ಹಿಡಿಯುತ್ತದೆ, ತಪ್ಪು ತೂಕವನ್ನು ಸರಿಮಾಡುವುದಿಲ್ಲ ಎಂದರೆ ಕೇಳುವವರು ಯಾರು? ಬಿಡಾರದ ನೆರೆಯವರಿಂದ ಆಗಲೇ ಫೋನ್ ಬರುತ್ತಿತ್ತು.

ಹಮೀದ್ ನನ್ನ ಹತ್ತಿರ ಬಂದು ಮೆಲ್ಲಗೆ, "ಬಿಡಿ ಮಾರಾಯ್ರೆ, ಆಗುದು ಆಗ್ತದೆ," ಎಂದ. ಆ ಮಾತಿಗೆ ನನಗೆ ಸಿಟ್ಟೇ ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದನ್ನು ನೋಡುತ್ತ ನಿಲ್ಲಲು ಆಗಲಿಲ್ಲ. ಅಬು ಖಾಲಿದ್‌ಗೆ ಎರಡು ಷರತ್ತು ಹಾಕಿದೆ: ಮಕ್ಕಳು ಪಿಕಪ್ಪಿನಲ್ಲಿ ಬೇಡ, ಮತ್ತು ನಾನೂ ಬರುತ್ತೇನೆ, ನೀವೂ ಅದರಲ್ಲೇ ಕೂರಬೇಕು. ಅಬು ಖಾಲಿದ್ ನಕ್ಕು ಒಪ್ಪಿದರು. ಯುಮ್ಮಾ ಮತ್ತು ಮಕ್ಕಳು ಸೊಸೆ ಓಡಿಸುತ್ತಿದ್ದ ಕಾರಿನಲ್ಲಿ ನಮ್ಮ ಹಿಂದೆ ಹೊರಟರು.

ಜಹ್ರಾ ದಾಟಿ ಸಾಲ್ಮಿ ರಸ್ತೆ ಹಿಡಿದ ಮೇಲೆ ಗಾಳಿ ಬಲಬದಿಯಿಂದ ಅಡ್ಡಕ್ಕೆ ಹೊಡೆಯತೊಡಗಿತು. ಮರಳು ಟಾರಿನ ಮೇಲೆ ಹರಿದಾಡುತ್ತಿತ್ತು. ನಾನು ಹಿಂದಿನ ಸೀಟಿನಲ್ಲಿ ಕೂತು ಹೊರಳಿ ಹೊರಳಿ ಕ್ಯಾರವಾನನ್ನೇ ನೋಡುತ್ತಿದ್ದೆ. ಹಮೀದ್ ಎಂಬತ್ತು ದಾಟಿಸಿರಲಿಲ್ಲ. ಒಂದು ದೊಡ್ಡ ಟ್ಯಾಂಕರ್ ನಮ್ಮನ್ನು ದಾಟಿ ಹೋಯಿತು. ಅದರ ಗಾಳಿ ಮೊದಲು ತಳ್ಳಿತು, ಆಮೇಲೆ ಎಳೆಯಿತು. ಕ್ಯಾರವಾನ್‌ನ ಬಾಲ ಒಂದು ಸಲ ಎಡಕ್ಕೆ ಸರಿಯಿತು. ಬಲಕ್ಕೆ ಬಂತು. ಮತ್ತೆ ಎಡಕ್ಕೆ, ಮೊದಲಿಗಿಂತ ಹೆಚ್ಚು.

"ಬ್ರೇಕ್! ಬ್ರೇಕ್!" ಅಬು ಖಾಲಿದ್ ಕಿರುಚಿದರು.

"ಬ್ರೇಕ್ ಒತ್ಬೇಡ ಹಮೀದ್!" ನಾನು ಅದಕ್ಕಿಂತ ಜೋರಾಗಿ ಕೂಗಿದೆ. "ಕಾಲು ತೆಗಿ. ಸ್ಟೇರಿಂಗ್ ನೇರ ಹಿಡಿ. ಟ್ರೈಲರ್ ಬ್ರೇಕ್ ಕೈಯಲ್ಲಿ ಒತ್ತು, ಮೆಲ್ಲ!"

ಪಿಕಪ್ಪಿನ ಬ್ರೇಕ್ ತುಳಿದರೆ ಮುಂದಿನದು ನಿಧಾನಿಸುತ್ತದೆ, ಹಿಂದಿನದು ತಳ್ಳುತ್ತದೆ, ಎರಡೂ ಸೇರಿ ಮಡಚಿಕೊಳ್ಳುತ್ತವೆ. ವೇಗ ಹೆಚ್ಚಿಸಿದರೆ ಹೊಯ್ದಾಟವೂ ಹೆಚ್ಚು. ಮಾಡಬೇಕಾದದ್ದು ಆಕ್ಸಿಲರೇಟರ್ ಬಿಟ್ಟು, ಡ್ಯಾಶ್‌ಬೋರ್ಡಿನ ಪುಟ್ಟ ಹಿಡಿಕೆಯಿಂದ ಟ್ರೈಲರ್‌ನ ಬ್ರೇಕನ್ನು ಮಾತ್ರ ಹಾಕುವುದು. ಆಗ ಅದು ಹಿಂದಕ್ಕೆ ಎಳೆಯಲ್ಪಟ್ಟು ತಾನೇ ನೇರವಾಗುತ್ತದೆ. ಹೇಳುವುದು ಸುಲಭ. ಬೆನ್ನ ಹಿಂದೆ ಎರಡು ಟನ್ ಕುಣಿಯುವಾಗ ಕಾಲನ್ನು ಬ್ರೇಕಿನಿಂದ ದೂರ ಇಡುವುದಕ್ಕೆ ಗಂಡೆದೆ ಬೇಕು. ಹಮೀದ್ ಇಟ್ಟ. ಒಂದು ಕೈ ಸ್ಟೇರಿಂಗಿನಲ್ಲಿ, ಇನ್ನೊಂದು ಆ ಹಿಡಿಕೆಯ ಮೇಲೆ. ಕುಣಿತ ಕಡಿಮೆಯಾಗುತ್ತ ಬಂತು. ಗಾಡಿ ರಸ್ತೆಯಂಚಿಗೆ ಹೋಗಿ ನಿಂತಿತು.

ಅಬು ಖಾಲಿದ್ ಹಮೀದನ ಕೈಗಳನ್ನೇ ನೋಡುತ್ತಿದ್ದರು. ಮೊಬೈಲು ಅವನ ಅಂಗಿಯ ಜೇಬಿನಲ್ಲಿ ಮುಟ್ಟದೆ ಕೂತಿತ್ತು.

ಹಿಂದಿನ ಕಾರೂ ನಿಂತಿತು. ಯುಮ್ಮಾ ಗಾಳಿಗೆ ಅಬಾಯಾ ಹಿಡಿದುಕೊಂಡು ಇಳಿದು ಬಂದರು. ಹಿಂದಿನಿಂದ ಎಲ್ಲ ಕಂಡಿದ್ದ ಅವರ ಮುಖದಲ್ಲಿ ರಕ್ತವೇ ಇರಲಿಲ್ಲ. ನನಗೆ ಗೊತ್ತಿದ್ದ ಹರಕು ಅರಬಿಯಲ್ಲಿ ಕೇಳಿದೆ: ಯುಮ್ಮಾ, ಚಿಕ್ಕಂದಿನಲ್ಲಿ ಖರ್ಜೂರದ ಗರಿ ಎಳೆದುಕೊಂಡು ಹೋಗಿದ್ದೀರಾ? ದಪ್ಪ ಬುಡ ಹಿಡಿದು ಎಳೆದರೆ ತುದಿ ಸುಮ್ಮನೆ ಹಿಂದೆ ಬರುತ್ತದೆ. ತುದಿ ಹಿಡಿದು ಎಳೆದರೆ? ನಾವು ಊರಲ್ಲಿ ತೆಂಗಿನ ಮಡಲನ್ನು ಎಳೆದು ಕಲಿತ ಪಾಠ ಅದು.

"ಬುಡ ಆಚೆ ಈಚೆ ಹೊಡೆಯುತ್ತದೆ," ಎಂದರು ಅವರು. ಕ್ಯಾರವಾನನ್ನು ಒಮ್ಮೆ ನೋಡಿದರು. "ಸರಿ. ಆದರೆ ನನ್ನ ಕಾಫಿ ಮೊದಲು ಹೊರಗೆ ಬರುವುದು ಹೇಗೆ?"

ಅದು ಹಟವಲ್ಲ, ನ್ಯಾಯವಾದ ಪ್ರಶ್ನೆ ಎಂದು ನನಗೆ ಆಗ ಹೊಳೆಯಿತು. ಸದ್ಯಕ್ಕೆ ಜನರೇಟರ್, ಡ್ರಮ್ಮು, ಸಿಲಿಂಡರ್ ಎಲ್ಲವನ್ನೂ ಪಿಕಪ್ಪಿನ ತೊಟ್ಟಿಗೆ ಹಾಕಿ ಬಿಗಿದೆವು. ಅಕ್ಕಿಯನ್ನು ಕ್ಯಾರವಾನ್‌ನ ಮೂಗಿಗೆ ಸರಿಸಿ ಹಾಸಿಗೆಗಳನ್ನು ಬಾಲಕ್ಕೆ ಎಸೆದೆವು. ಮರಳು ಹಲ್ಲಿಗೆ ಸಿಗುತ್ತಿತ್ತು. ಅಬು ಖಾಲಿದ್ ತಮ್ಮ ಬಿಳಿ ನಿಲುವಂಗಿ ದಿಶ್ದಾಶಾದಲ್ಲೇ ಹಮೀದನ ಜೊತೆ ಡ್ರಮ್ಮು ಹೊತ್ತರು. ಕಾಫಿಯ ಪೆಟ್ಟಿಗೆಯನ್ನು ಮಾತ್ರ ಯುಮ್ಮಾ ಯಾರಿಗೂ ಕೊಡದೆ, ಕಾರಿನಲ್ಲಿ ಮಡಿಲ ಮೇಲೆ ಇಟ್ಟುಕೊಂಡರು. ಅಲ್ಲಿಂದಾಚೆಗೂ ಅದೇ ಗಾಳಿ, ಅದೇ ಟ್ಯಾಂಕರುಗಳು. ಕ್ಯಾರವಾನ್ ಸಾಧು ಹಸುವಿನಂತೆ ಹಿಂಬಾಲಿಸಿತು.

ಮರುವಾರ ನಾವು ಆ ಕ್ಯಾರವಾನ್‌ಗೆ ಮೂಗಿನ ಪಕ್ಕದಲ್ಲಿ ಇನ್ನೊಂದು ಬಾಗಿಲು ಕೊರೆದೆವು. ಅದರೊಳಗೆ ಜನರೇಟರಿಗೂ ನೀರಿಗೂ ಗಟ್ಟಿ ಚೌಕಟ್ಟು, ಮೇಲೆ ಕಾಫಿ ಪೆಟ್ಟಿಗೆಗೆ ಒಂದು ಗೂಡು. ತುಂಬಿಸಿ ಅಳೆದಾಗ ಟಂಗ್ ವೇಟ್ ಇನ್ನೂರ ಅರವತ್ತು ಕಿಲೋ, ಅಂದರೆ ನೂರಕ್ಕೆ ಹನ್ನೆರಡು. ಯುಮ್ಮಾ ಬಂದು ಕೋಲಿನಿಂದ ಬಾಗಿಲು ತಟ್ಟಿ ಪರೀಕ್ಷಿಸಿ ಒಪ್ಪಿಗೆ ಕೊಟ್ಟರು. ಆಮೇಲೆ ಅಂಥ ಬಾಗಿಲು ಬೇಕೆಂದು ಬಂದವರಿಗೆ ಲೆಕ್ಕವಿಲ್ಲ. ಜನರ ಪದ್ಧತಿ ಬದಲಿಸಲು ಹೋಗಿ ಬೈಸಿಕೊಳ್ಳುವುದಕ್ಕಿಂತ ಬಾಗಿಲು ಬದಲಿಸುವುದು ಸುಲಭ ಎಂದು ನಾನು ಕಲಿತದ್ದು ಹಾಗೆ.

ಆದರೆ ನನ್ನ ಮನಸ್ಸು ಮತ್ತೆ ಮತ್ತೆ ಹೋಗುವುದು ಆ ಗುರುವಾರದ ಸಂಜೆಗೆ. ಬಿಡಾರ ಮುಟ್ಟುವಾಗ ನೆರೆಯ ಡೇರೆಯ ಹಿರಿಯರು ಆಗಲೇ ಬಂದು ಕೂತಿದ್ದರು. ಯುಮ್ಮಾ ಮಾತಿಗೆ ತಪ್ಪಲಿಲ್ಲ. ಡೇರೆಯ ಗೂಟ ಹೊಡೆಯುವ ಮೊದಲೇ ಕಾಫಿಯ ಏಲಕ್ಕಿ ಪರಿಮಳ ಎದ್ದಿತು. ಅಲ್ಲಿ ಮೊದಲ ಬಟ್ಟಲು ಮುಖ್ಯ ಅತಿಥಿಗೆ. ಸಾಕು ಅನಿಸಿದಾಗ ಖಾಲಿ ಬಟ್ಟಲನ್ನು ಕೈಯಲ್ಲಿ ಸ್ವಲ್ಪ ಅಲ್ಲಾಡಿಸಬೇಕು. ಅಲ್ಲಿಯವರೆಗೆ ಸುರಿಯುತ್ತಲೇ ಇರುತ್ತಾರೆ. ಅಬು ಖಾಲಿದ್ ಹೂಜಿಯನ್ನು ತಾವೇ ಎತ್ತಿಕೊಂಡರು. ಹಿರಿಯರನ್ನು ದಾಟಿದರು, ನನ್ನನ್ನೂ ದಾಟಿದರು. ಪಿಕಪ್ಪಿನ ಪಕ್ಕದಲ್ಲಿ ಹಗ್ಗ ಬಿಚ್ಚುತ್ತಿದ್ದ ಹಮೀದನನ್ನು ತೋಳು ಹಿಡಿದು ಕರೆತಂದು ಕೂರಿಸಿ, ಮೊದಲ ಬಟ್ಟಲು ಅವನ ಕೈಗೆ ಕೊಟ್ಟರು. ತಪ್ಪಾಯಿತು ಎಂದು ಅವರು ಬಾಯಿಬಿಟ್ಟು ಹೇಳಲಿಲ್ಲ.

ಹಮೀದ್ ಕುಡಿದು ಬಟ್ಟಲನ್ನು ಬಾಯಿಂದ ಇಳಿಸಿದ. ಅವನ ಕೈ ಇನ್ನೂ ನಡುಗುತ್ತಿತ್ತು, ಬಟ್ಟಲು ಅಲ್ಲಾಡುತ್ತಿತ್ತು. ಪದ್ಧತಿಯ ಪ್ರಕಾರ ಅದಕ್ಕೆ ಸಾಕು ಎಂದರ್ಥ. ಅಬು ಖಾಲಿದ್ ಒಂದು ಕ್ಷಣ ಆ ಕೈಯನ್ನು ನೋಡಿದರು. ಆಮೇಲೆ ತಮ್ಮ ಬಲಗೈಯಿಂದ ಬಟ್ಟಲನ್ನು ಅಲುಗದಂತೆ ಹಿಡಿದು, ಮತ್ತೆ ತುಂಬಿಸಿದರು.

ನನ್ನ ಕಣ್ಣು ತುಂಬಿ ಬಂತು. ಮರಳು ಬಿತ್ತು ಎಂದು ಒರೆಸಿಕೊಂಡೆ. ಗಾಡಿ ಹೊಯ್ದಾಡಿತು ಎಂದು ಯಾರಾದರೂ ಇವತ್ತು ದೂರು ತಂದರೆ ಡ್ರೈವರ್ ಹೇಗಿದ್ದಾನೆ ಎಂದು ನಾನು ಕೇಳುವುದಿಲ್ಲ. ಹಿಂದಕ್ಕೆ ಹೋಗಿ, ಅವನ ಬೆನ್ನಿಗೆ ಏನು ಹೊರಿಸಿದ್ದಾರೆ ಎಂದು ಮೊದಲು ನೋಡುತ್ತೇನೆ.