ಧನಲಕ್ಷ್ಮಿ ತಟ್ಟಿದ ಚಪ್ಪಾಳೆ

ಧನಲಕ್ಷ್ಮಿ ಬಗ್ಗೆ ಯಾರಾದ್ರೂ ಇನ್ನೊಂದು ಮಾತು ಎತ್ತಿದ್ರೆ ನಾನು ಸುಮ್ನಿರೋಳಲ್ಲ, ಮೊದಲೇ ಹೇಳ್ಬಿಡ್ತೀನಿ. ನನ್ನ ಹೆಸರು ಭದ್ರಮ್ಮ, ಲಗ್ಗೆರೆಯವಳು. ಪೀಣ್ಯದಲ್ಲಿ ಪಂಪಿನ ಬಿಡಿಭಾಗ ಮಾಡೋ ಕಾರ್ಖಾನೇಲಿ ಇಪ್ಪತ್ತೆರಡು ವರ್ಷದಿಂದ ಪ್ಯಾಕಿಂಗ್‌ನಲ್ಲಿದ್ದೀನಿ. ಬಾಯಿ ಜೋರು ಅಂತ ಗೇಟಿನ ಸೆಕ್ಯೂರಿಟಿಯಿಂದ ಹಿಡಿದು ಮ್ಯಾನೇಜರ್ ತನಕ ಎಲ್ಲರಿಗೂ ಗೊತ್ತು. ಅಂಥ ಬಾಯಿಗೂ ಎರಡು ದಿನ ಬೀಗ ಬಿದ್ದಿತ್ತು, ಅದೂ ಬೀಳಬಾರದ ಹೊತ್ತಲ್ಲಿ. ನಾಚಿಕೆ ಬಿಟ್ಟು ಅದನ್ನೂ ಹೇಳ್ತೀನಿ.

ಒಂಬತ್ತು ವರ್ಷದ ಹಿಂದೆ ಧನಲಕ್ಷ್ಮಿ ನನ್ನ ಪಕ್ಕದ ಟೇಬಲ್ಲಿಗೇ ಕೆಲಸಕ್ಕೆ ಬಂದಿದ್ದು. ರಾಜಗೋಪಾಲನಗರದಲ್ಲಿ ಮನೆ, ಗಂಡ ಟೆಂಪೋ ಓಡಿಸ್ತಾನೆ, ಒಬ್ಬಳು ಮಗಳು. ಲೇಬಲ್ ಹೊಡೆಯೋ ಕಂಪ್ಯೂಟರ್ ಕೆಟ್ರೆ ನಾವೆಲ್ಲ ಟೀ ಕುಡಿಯೋಕೆ ಹೋಗ್ತಿದ್ವಿ, ಇವಳು ಮಾತ್ರ ಟೇಬಲ್ ಕೆಳಗೆ ನುಗ್ಗಿ ವೈರ್ ಎಲ್ಲಿಂದ ಎಲ್ಲಿಗೆ ಹೋಗಿದೆ ಅಂತ ನೋಡ್ತಿದ್ಲು. ಅದನ್ನ ಕಂಡವನು ಶಿವಶಂಕರ್, ನಮ್ಮ ಕಾರ್ಖಾನೆ ಕಂಪ್ಯೂಟರ್ ಇಲಾಖೆಯವನು. ಅವನು ಇವಳನ್ನ ಕರ್ಕೊಂಡು ಹೋಗಿ ವೈರ್ ಸುಲಿಯೋದ್ರಿಂದ ಶುರು ಮಾಡಿ ಕಲಿಸಿದ. ಕೇಬಲ್ ಒಳಗೆ ಎಂಟು ಬಣ್ಣದ ಎಳೆ ಇರ್ತವಂತೆ, ಒಂದು ಕ್ರಮದಲ್ಲಿ ಜೋಡಿಸಬೇಕಂತೆ. ಇವಳು ಬಾಕ್ಸ್‌ಗೆ ಟೇಪ್ ಹಾಕ್ತಾ ಹಾಕ್ತಾ ಕಿತ್ತಳೆ, ಹಸಿರು, ನೀಲಿ ಅಂತ ಮಗ್ಗಿ ಹೇಳ್ದಂಗೆ ಗುನುಗ್ತಿದ್ಲು, ನಮಗೂ ಬಾಯಿಪಾಠ ಆಗೋಗಿತ್ತು. ಮೂರು ವರ್ಷಕ್ಕೆ ಅವಳ ಕತ್ತಿಗೆ ಬೇರೆ ಬಣ್ಣದ ಐಡಿ ಕಾರ್ಡ್ ಬಂತು. ಪ್ಯಾಕಿಂಗಿಂದ ನೆಟ್‌ವರ್ಕ್ ಕೆಲಸಕ್ಕೆ ಹೋದವಳು ಅವಳೊಬ್ಬಳೇ.

ಶಿವಶಂಕರನ್ನ ಅವಳು ಅಣ್ಣ ಅಂತಿದ್ಲು. ಬರೀ ಬಾಯಿಮಾತಿಗಲ್ಲ. ಅವಳಿಗೆ ಒಡಹುಟ್ಟಿದೋರಿಲ್ಲ, ಅದಕ್ಕೆ ಪ್ರತಿ ವರ್ಷ ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮದ ಜೊತೆ ಒಂದು ಸೀರೆ ಅವನ ಕಡೆಯಿಂದಲೇ ಬರ್ತಿತ್ತು. ಆ ಸೀರೆ ಉಟ್ಕೊಂಡು ಬಂದು ನಮಗೆಲ್ಲ ಸೆರಗು ಹಿಡಿದು ತೋರಿಸೋಳು. ನಾನೂ ಚೆನ್ನಾಗೈತೆ ಕಣೇ ಅಂದಿದ್ದೀನಿ.

ನಮ್ಮ ಕಂಪ್ನಿಗೆ ಮೂರು ಜಾಗ. ನಾವಿರೋದು ಪೀಣ್ಯ, ಇನ್ನೊಂದು ಕಾರ್ಖಾನೆ ಎಲೆಕ್ಟ್ರಾನಿಕ್ ಸಿಟೀಲಿ, ದೊಡ್ಡ ಆಫೀಸು ವೈಟ್‌ಫೀಲ್ಡಲ್ಲಿ. ಮೊದ್ಲೆಲ್ಲ ಕಾರ್ಮಿಕರ ಕಮಿಟಿ ಸೇರ್ಬೇಕು ಅಂದ್ರೆ ಇಲ್ಲಿಂದ ಎಲೆಕ್ಟ್ರಾನಿಕ್ ಸಿಟಿಗೆ ಬಸ್ಸು ಬದಲಾಯಿಸ್ಕೊಂಡು ಹೋಗಿ ಬರೋಷ್ಟರಲ್ಲಿ ದಿನಾನೇ ಮುಗಿದೋಗ್ತಿತ್ತು. ಆಮೇಲೆ ಮೂರು ಕಡೆನೂ ವಿಡಿಯೋ ಕಾನ್ಫರೆನ್ಸ್ ರೂಮ್ ಮಾಡಿದ್ರು. ಶನಿವಾರ ಒಂದು ಗಂಟೆ ಆ ರೂಮು ಕಮಿಟಿಗೆ ಅಂತ ಮ್ಯಾನೇಜ್‌ಮೆಂಟ್ ಬರೆದುಕೊಟ್ಟಿತ್ತು. ಮಧ್ಯೆ ಅವರ ಕಡೆಯವರು ಯಾರೂ ಇರಬಾರದು, ಅದು ನಮ್ಮ ಷರತ್ತು.

ನೆಟ್‌ವರ್ಕ್ ಹಾಕೋ ಕೆಲಸ ಬಿದ್ದಿದ್ದು ಧನಲಕ್ಷ್ಮಿಗೆ. ಟೋಪಾಲಜಿ ಅಂತ ಅದೇನೋ ಅಂತಿದ್ಲು. ಹಂಗಂದ್ರೇನೇ ಅಂದೆ. ನನ್ನ ಟೇಬಲ್ ಮೇಲೆ ಸೀಮೆಸುಣ್ಣದಲ್ಲಿ ಮೂರು ಚುಕ್ಕಿ ಇಟ್ಟು, ಇದು ರಂಗೋಲಿ ಅಕ್ಕ, ಚುಕ್ಕಿ ಎಲ್ಲಿದೆ, ಗೆರೆ ಎಲ್ಲಿಂದ ಎಲ್ಲಿಗೆ ಎಳೀಬೇಕು, ಅಷ್ಟೇ ಅಂದ್ಲು. ಎಲ್ಲ ಗೆರೇನೂ ವೈಟ್‌ಫೀಲ್ಡ್ ಚುಕ್ಕಿಗೇ ಎಳೆದ್ರೆ ಕೆಲಸ ಸುಲಭ, ಆದ್ರೆ ಪೀಣ್ಯದವರು ಎಲೆಕ್ಟ್ರಾನಿಕ್ ಸಿಟಿ ಜೊತೆ ಆಡೋ ಮಾತೂ ವೈಟ್‌ಫೀಲ್ಡಿನ ಪೆಟ್ಟಿಗೆಗೆ ಹೋಗೇ ಬರ್ಬೇಕು. ಆ ಪೆಟ್ಟಿಗೇಲಿ ರೆಕಾರ್ಡ್ ಮಾಡೋಕೂ ಆಗುತ್ತೆ. ಅದಕ್ಕೆ ಇವಳು ಎರಡು ಕಾರ್ಖಾನೆ ಮಧ್ಯೆ ನೇರವಾಗಿ ಒಂದು ಗೆರೆ ಎಳೆದ್ಲು. ಶಿವಶಂಕರನೇ ನೋಡಿ ಭೇಷ್ ಅಂದಿದ್ದ.

ಲೈನ್ ಸರಿಯಾಗಿದೆಯಾ ಅಂತ ನೋಡೋಕೆ ಅವಳದ್ದೊಂದು ಪದ್ಧತಿ. ಮೀಟಿಂಗ್‌ಗೆ ಮುಂಚೆ ಕ್ಯಾಮೆರಾ ಮುಂದೆ ನಿಂತು ಒಂದು ಸಲ ಚಪ್ಪಾಳೆ ತಟ್ಟೋಳು. ಆ ಕಡೆ ಕೂತೋರು ಕೇಳಿದ ತಕ್ಷಣ ವಾಪಸ್ ತಟ್ಟಬೇಕು. ಕಣ್ಣು ಮಿಟುಕಿಸೋದ್ರೊಳಗೆ ಬಂದ್ರೆ ನೇರ ದಾರಿ, ಎಳೆದು ಬಂದ್ರೆ ಎಲ್ಲೋ ಸುತ್ತಿ ಬರ್ತಿದೆ ಅಂತ ಅರ್ಥ. ಭಜನೆ ಶುರುವಾಯ್ತಪ್ಪಾ ಅಂತ ನಾವು ರೇಗಿಸ್ತಿದ್ವಿ. ಚಪ್ಪಾಳೆ ವಾಪಸ್ ಬಂದ ಮೇಲೆ ಅವಳು ನಮ್ಮ ಲಕ್ಷ್ಮಯ್ಯನ ಕಡೆ ತಿರುಗಿ, ಲೈನ್ ನಮ್ದೇ, ಮಾತಾಡಿ ಮಾವ ಅನ್ನೋಳು. ಆಮೇಲೆ ಬಾಗಿಲು ಎಳ್ಕೊಂಡು ಹೊರಗೆ ಹೋಗೋಳು. ಅವಳು ಆ ಮಾತು ಹೇಳೋ ತನಕ ಲಕ್ಷ್ಮಯ್ಯ ಬಾಯಿ ಬಿಡ್ತಿರಲಿಲ್ಲ.

ಲಕ್ಷ್ಮಯ್ಯ ಲೇತ್ ಆಪರೇಟರ್, ಕಮಿಟಿಗೆ ಮುಖಂಡ. ಧನಲಕ್ಷ್ಮಿ ಮನೆ ಬೀದೀಲೇ ಅವನ ಮನೆ. ರಿಟೈರ್ ಆಗೋಕೆ ಹದಿನಾಲ್ಕು ತಿಂಗಳಿತ್ತು. ಹೋದ ವರ್ಷ ದಸರಾ ಹೊತ್ತಿಗೆ ಪೀಣ್ಯದ ಕಾರ್ಖಾನೆ ಮುಚ್ತಾರಂತೆ ಅಂತ ಸುದ್ದಿ ಹಬ್ಬಿತ್ತು. ಎರಡೂ ಕಡೆಯೋರು ಒಟ್ಟಿಗೆ ನಿಲ್ಲಬೇಕು, ಶನಿವಾರದ ಮೀಟಿಂಗಲ್ಲಿ ತೀರ್ಮಾನ ಮಾಡೋಣ ಅಂತ ಲಕ್ಷ್ಮಯ್ಯ ಒಬ್ಬೊಬ್ಬರ ಹತ್ರಾನೂ ಮಾತಾಡಿಟ್ಟಿದ್ದ.

ಆ ವಾರದ ಬುಧವಾರ ಆಯುಧಪೂಜೆ. ನಮ್ಮಲ್ಲಿ ಅದು ಹೆಂಗೆ ಅಂದ್ರೆ, ಮಿಷಿನ್ ಎಲ್ಲ ತೊಳೆದು ಅರಿಶಿನ ಕುಂಕುಮ ಹಚ್ಚಿ, ಮಧ್ಯಾಹ್ನ ಮಂಗಳಾರತಿ ಆಗಿ, ಬೂದುಗುಂಬಳಕಾಯಿ ಒಡೆದು, ಕಡ್ಲೆಪುರಿ ಸ್ವೀಟು ಹಂಚಿದ ಮೇಲೆ ಪೂಜೆಗಿಟ್ಟ ಸಾಮಾನು ಯಾರೂ ಮುಟ್ಟೋ ಹಾಗಿಲ್ಲ. ವಿಜಯದಶಮಿ ಕಳೆದ ಮೇಲೇ ಕೈ ಹಾಕೋದು. ಒಂದು ಸ್ಪ್ಯಾನರ್ ಬಿದ್ದಿದ್ರೂ ಎತ್ತಿಡಲ್ಲ. ಧನಲಕ್ಷ್ಮಿ ಇದ್ರಲ್ಲಿ ನಮಗಿಂತ ಒಂದು ಕೈ ಜಾಸ್ತಿ. ಸರ್ವರ್ ರೂಮಲ್ಲಿ ವೈರ್ ಕತ್ತರಿಸೋ ಇಕ್ಕಳ, ಟೆಸ್ಟರ್, ಲ್ಯಾಪ್‌ಟಾಪ್, ಜೊತೆಗೆ ಅವಳ ಉದ್ದ ನೋಟ್‌ಬುಕ್ಕು ಎಲ್ಲಾನೂ ಸಾಲಾಗಿಟ್ಟು ಹೂವಿಟ್ಲು. ಆ ನೋಟ್‌ಬುಕ್ಕಲ್ಲೇ ಅವಳ ಪಾಸ್‌ವರ್ಡ್ ಎಲ್ಲ ಇದ್ದಿದ್ದು. ಅದೂ ಆಯುಧಾನೇ ತಾನೇ ಅಕ್ಕ ಅಂದ್ಲು. ರೂಮಿಗೆ ಬೀಗ ಹಾಕಿ ಸಂಜೆ ಐದಕ್ಕೆಲ್ಲ ಮಗಳನ್ನ ಕರ್ಕೊಂಡು ನಮ್ಮನೆಗೆ ಗೊಂಬೆ ನೋಡೋಕೆ ಬಂದ್ಲು. ಎಂಟು ಗಂಟೆ ತನಕ ಇದ್ದು, ಕಡ್ಲೆಕಾಳು ಉಸ್ಲಿ ತಿಂದು, ನನ್ನ ಸೊಸೆ ಕೈಲಿ ಕುಂಕುಮ ಇಡಿಸ್ಕೊಂಡು ಹೋದ್ಲು.

ಶನಿವಾರ ಮೀಟಿಂಗ್‌ನಲ್ಲಿ ನಾನೂ ಇದ್ದೆ, ಹೆಂಗಸರ ಪರವಾಗಿ. ಅವತ್ತು ಧನಲಕ್ಷ್ಮಿ ಚಪ್ಪಾಳೆ ಎರಡು ಸಲ ತಟ್ಟಿದ್ಲು. ಯಾಕೋ ಒಂದು ಗಳಿಗೆ ಪರದೆ ನೋಡ್ತಾ ನಿಂತಿದ್ಲು. ಆಮೇಲೆ ಮಾತಾಡಿ ಮಾವ ಅಂದು ಹೊರಟೋದ್ಲು. ಲಕ್ಷ್ಮಯ್ಯ ಮಾತಾಡಿದ. ಮುಚ್ಚಲ್ಲ ಅಂತ ಬರೆದುಕೊಡೋ ತನಕ ಸೋಮವಾರದಿಂದ ಎರಡೂ ಕಡೆ ಒಬ್ಬರೂ ಓವರ್‌ಟೈಮ್ ಮಾಡಬಾರದು, ಲೋಡಿಂಗ್ ತಾನಾಗೇ ನಿಲ್ಲುತ್ತೆ ಅಂದ. ಎಲ್ಲರೂ ಕೈ ಎತ್ತಿದ್ವಿ.

ಸೋಮವಾರ ಬೆಳಿಗ್ಗೆ ಗೇಟಲ್ಲೇ ಲಕ್ಷ್ಮಯ್ಯನ ಕೈಗೆ ಕವರ್ ಕೊಟ್ರು. ಸಸ್ಪೆಂಡು. ಕಾರಣ ಓದಿ ಕಾಗದಾನ ನಮ್ಮ ಕಡೆ ತಿರುಗಿಸಿದ. ಅವನು ಆಡಿದ ಮಾತು ಒಂದಕ್ಷರ ಹೆಚ್ಚುಕಮ್ಮಿ ಇಲ್ಲದೆ ಅದರಲ್ಲಿ ಟೈಪಾಗಿತ್ತು. ಲೋಡಿಂಗ್ ತಾನಾಗೇ ನಿಲ್ಲುತ್ತೆ ಅನ್ನೋದೂ ಹಂಗೇ ಇತ್ತು.

ಹತ್ತು ನಿಮಿಷಕ್ಕೆ ಕಾರ್ಖಾನೆ ತುಂಬ ಒಂದೇ ಹೆಸರು. ಲೈನ್ ಹಾಕಿದೋಳು ಯಾರು? ಮಾತಾಡಿ ಅಂದೋಳು ಯಾರು? ಕ್ಯಾಂಟೀನಲ್ಲಿ ಅವಳು ತಟ್ಟೆ ಇಟ್ಟ ಟೇಬಲ್ಲಿಂದ ಜನ ಎದ್ದೋದ್ರು. ನಾನೂ ಎದ್ದೆ. ಹೌದು, ಎದ್ದೆ. ನನ್ನ ಮಗಳ ವಯಸ್ಸಿನೋಳು ಅನ್ನ ಕಲಸಿದ ಕೈ ಹಂಗೇ ಇಟ್ಕೊಂಡು ನನ್ನನ್ನ ನೋಡಿದ್ಲು, ನಾನು ನೀರು ತರೋ ನೆಪ ಮಾಡ್ಕೊಂಡು ಹೋದೆ. ಮಂಗಳವಾರನೂ ಅಷ್ಟೇ. ಮಾತಾಡಿಸಲಿಲ್ಲ.

ಮಾತು ವೈಟ್‌ಫೀಲ್ಡಿನ ಪೆಟ್ಟಿಗೆ ಮೇಲೆ ಹೋಗಿದ್ರೆ ತಾನೇ ರೆಕಾರ್ಡ್ ಆಗೋದು, ಲೈನ್ ಬದಲಾಯಿಸಿದ್ದು ಯಾರು ಹೇಳಿ ಅಂತ ಎಲೆಕ್ಟ್ರಾನಿಕ್ ಸಿಟಿ ಕಮಿಟಿಯೋರು ಪಟ್ಟು ಹಿಡಿದ್ರು. ವೈಟ್‌ಫೀಲ್ಡಿಂದ ಬುಧವಾರ ಒಂದು ಹಾಳೆ ಬಂತು, ಯಾರ ಪಾಸ್‌ವರ್ಡಲ್ಲಿ ಯಾವಾಗ ಏನು ಬದಲಾಯ್ತು ಅಂತ ಕಂಪ್ಯೂಟರೇ ಬರೆದಿಟ್ಟಿದ್ದು. ನಿಮ್ಮೋರೇ ಬದಲಾಯಿಸಿರೋದು, ನೋಡ್ಕೊಳ್ಳಿ ಅಂತ ನೋಟಿಸ್ ಬೋರ್ಡಿಗೆ ಅಂಟಿಸಿದ್ರು. ನೇರ ದಾರಿ ತೆಗೆದು ವೈಟ್‌ಫೀಲ್ಡ್ ಮೇಲೆ ತಿರುಗಿಸಿದೋರು, ಧನಲಕ್ಷ್ಮಿ. ಹಿಂದಿನ ಬುಧವಾರ, ಸಂಜೆ ಆರು ಇಪ್ಪತ್ತು. ಜನ ಥೂ ಅಂದ್ರು. ನಾನು ಕನ್ನಡಕ ಹಾಕ್ಕೊಂಡು ತಾರೀಖು ಇನ್ನೊಂದು ಸಲ ಓದಿದೆ. ಆಗ ನನ್ನ ಬಾಯಿಗೆ ಬಿದ್ದಿದ್ದ ಬೀಗ ಕಳಚ್ತು ನೋಡಿ.

ಅಲ್ರೋ, ಅವತ್ತು ಆಯುಧಪೂಜೆ ಅಲ್ವೇನ್ರೋ ಅಂದೆ. ಸ್ಪ್ಯಾನರ್ ಎತ್ತಿಡದೋಳು ಅವತ್ತು ಕಂಪ್ಯೂಟರ್ ಮುಟ್ತಾಳಾ? ಆರು ಇಪ್ಪತ್ತಕ್ಕೆ ನಮ್ಮನೇಲಿ ಉಸ್ಲಿ ತಿಂತಿದ್ಲು, ನನ್ನ ಸೊಸೇನ ಕೇಳಿ. ಸರ್ವರ್ ರೂಮಿಗೆ ಇರೋದು ಎರಡೇ ಬೀಗದಕೈ. ಒಂದು ಅವಳ ಹತ್ರ, ಇನ್ನೊಂದು ಶಿವಶಂಕರ್ ಹತ್ರ. ಆ ಶಿವಶಂಕರ್ ಸೋಮವಾರದಿಂದಲೇ ಪೀಣ್ಯದಲ್ಲಿರಲಿಲ್ಲ. ಪ್ರಮೋಷನ್ ಮೇಲೆ ವೈಟ್‌ಫೀಲ್ಡಿಗೆ ಹೋಗಿ ಕೂತಿದ್ದ. ಬೇಲೀನೇ ಎದ್ದು ಹೊಲ ಮೇಯ್ದಿತ್ತು. ಅದೂ ಹೂವಿಟ್ಟು ಕೈ ಮುಗಿದ ಪುಸ್ತಕ ತೆಗೆದು, ಅವಳ ಹೆಸರಲ್ಲೇ ಮೇಯ್ದಿತ್ತು.

ನಾನು ಓಡಿಹೋಗಿ ಅವಳಿಗೆ ಹೇಳಿದೆ. ಅವಳು ಅಳಲಿಲ್ಲ. ನನ್ನ ಕೈ ಹಿಡ್ಕೊಂಡು ಕಾನ್ಫರೆನ್ಸ್ ರೂಮಿಗೆ ಕರ್ಕೊಂಡು ಹೋಗಿ ವೈಟ್‌ಫೀಲ್ಡಿಗೆ ಕರೆ ಮಾಡಿದ್ಲು. ದೊಡ್ಡ ಪರದೆ ಮೇಲೆ ಅವನು ಬಂದ, ಇಸ್ತ್ರಿ ಶರ್ಟು, ಹಿಂದೆ ಗಾಜಿನ ಗೋಡೆ. ನಾನು ಬಾಯಿಗೆ ಬಂದಂಗೆ ಬಯ್ಯೋಕೆ ತಯಾರಾಗಿದ್ದೆ, ಇವಳು ನನ್ನ ಕೈ ಅದುಮಿ ಸುಮ್ನಿರಿಸಿದ್ಲು.

"ಅಣ್ಣ, ಪೂಜೆಗಿಟ್ಟ ಪುಸ್ತಕ ನೀವು ಮುಟ್ಟಿದ್ರಾ?"

ಅವನು ಇವಳ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಪೆನ್ನು ಸರಿಯಾಗಿಟ್ಟ.

"ಈ ಕಾಲ್ ರೆಕಾರ್ಡ್ ಆಗ್ತಿದೆ ತಂಗಿ. ನೋಡ್ಕೊಂಡು ಮಾತಾಡು."

ಇನ್ನೂ ತಂಗಿ ಅಂತಾನೆ! ಆ ಮಾತು ಕೇಳಿ ನನ್ನ ಮೈಯೆಲ್ಲ ಉರಿದೋಯ್ತು. ಧನಲಕ್ಷ್ಮಿ ರಿಮೋಟ್ ಒತ್ತಿ ಪರದೆ ಆರಿಸಿದ್ಲು. ಆರು ಗೌರಿ ಹಬ್ಬದ ಸೀರೆ ಮನೇಲಿವೆ ಅಕ್ಕ, ಏನು ಮಾಡ್ಲಿ ಅಂತ ಕೇಳಿದ್ಲು.

ಸತ್ಯ ಗೊತ್ತಾಯ್ತು ಅಂತ ಲಕ್ಷ್ಮಯ್ಯನ ಕೆಲಸ ವಾಪಸ್ ಬರಲಿಲ್ಲ. ಲೈನ್ ಕಂಪ್ನೀದು, ಬದಲಾಯಿಸಿದ ಕೈ ಯಾರದ್ದಾದ್ರೇನು, ಮಾತು ನಿಮ್ದೇ ತಾನೇ ಅಂತ ಮ್ಯಾನೇಜ್‌ಮೆಂಟಿನೋರು ಅಂದ್ರು. ಜನ ಒಬ್ಬೊಬ್ಬರಾಗಿ ಬಂದು ಧನಲಕ್ಷ್ಮಿ ಟೇಬಲ್ಲಲ್ಲಿ ಕೂತ್ರು. ನಾನು ಎಲ್ಲರ ಮುಂದೆ ತಪ್ಪಾಯ್ತು ಕಣೇ ಅಂದೆ. ಅವಳು ಬಿಡಿ ಅಕ್ಕ ಅಂದ್ಲು, ಆದ್ರೆ ಊಟ ಸೇರ್ತಿರಲಿಲ್ಲ. ಇನ್ನೇನಿದೆ ಇವಳಿಗೆ ಅಂತ ನನಗೆ ಅರ್ಥ ಆಗಲಿಲ್ಲ.

ಮುಂದಿನ ಶನಿವಾರ ಲಕ್ಷ್ಮಯ್ಯ ತನ್ನ ಸಾಮಾನು ತಗೊಂಡೋಗೋಕೆ ಬಂದ. ಗೇಟ್ ಹತ್ರ ನಾವಿಬ್ಬರೂ ನಿಂತಿದ್ವಿ. ಅವನು ಧನಲಕ್ಷ್ಮಿ ಮುಂದೆ ಬಂದು ಚೀಲ ಕೆಳಗಿಟ್ಟ. ಮುಟ್ಟಿದ್ದು ನೀನಲ್ಲ ಅಂತ ಗೊತ್ತಾಯ್ತು ಬಿಡಮ್ಮ, ನನ್ನ ಮನಸ್ಸಲ್ಲಿ ಏನೂ ಇಲ್ಲ ಅಂದ. ಅಷ್ಟಕ್ಕೇ ಹೊರಟಿದ್ರೆ ಚೆನ್ನಾಗಿತ್ತು. ಅವನು ಹೊರಡಲಿಲ್ಲ.

"ಅವತ್ತು ಎರಡು ಸಲ ತಟ್ಟಿದೆಯಲ್ಲ, ಯಾಕೆ?"

ಧನಲಕ್ಷ್ಮಿ ತುಟಿ ಕಚ್ಚಿಕೊಂಡ್ಲು. ಸುಳ್ಳು ಹೇಳ್ಬಹುದಿತ್ತು, ನಾನಾಗಿದ್ರೆ ಹೇಳ್ತಿದ್ದೆ.

"ತಡವಾಗಿ ಬಂತು ಮಾವ. ಎರಡನೇದೂ ತಡವಾಗೇ ಬಂತು."

ಅವತ್ತು ಬೆಳಿಗ್ಗೆ ಒಬ್ಬಳೇ ತಟ್ಟಿ ನೋಡ್ದಾಗ್ಲೂ ತಡವಾಗೇ ಬಂದಿತ್ತಂತೆ. ಆಗಲೇ ಶಿವಶಂಕರ್‌ಗೆ ಫೋನ್ ಮಾಡಿದ್ಲಂತೆ. ಹೊಸ ಸಾಫ್ಟ್‌ವೇರ್ ಹಾಕವ್ರೆ ತಂಗಿ, ಎರಡು ದಿನ ಹಂಗೇ ಇರುತ್ತೆ, ತಲೆ ಕೆಡಿಸ್ಕೋಬೇಡ ಅಂದನಂತೆ. ಕಂಪ್ಯೂಟರಲ್ಲಿ ಒಂದು ಸಾಲು ಟೈಪ್ ಮಾಡಿದ್ರೆ ಮಾತು ಯಾವ ದಾರೀಲಿ ಹೋಗ್ತಿದೆ ಅಂತ ಅಲ್ಲೇ ಕಾಣ್ತಿತ್ತಂತೆ. ಮಾಡಲಿಲ್ಲ. ಕೈ ಹಿಡಿದು ಕಲಿಸಿದೋರು ಹೇಳಿದ ಮೇಲೂ ನೋಡೋದಾ, ಅದು ಅವರನ್ನೇ ಪರೀಕ್ಷೆ ಮಾಡ್ದಂಗಲ್ವಾ ಅನ್ನಿಸ್ತಂತೆ. ಇಷ್ಟನ್ನೂ ಅವಳು ಚಪ್ಪಲಿ ನೋಡ್ತಾ ಹೇಳಿದ್ಲು. ಲೈನ್ ನಮ್ದೇ ಅನ್ನೋ ಮಾತು ಅವತ್ತು ಅವಳ ಬಾಯಲ್ಲಿ ಬಂದೇ ಇರಲಿಲ್ಲ ಅಂತ ನನಗೆ ಆಗ ನೆನಪಾಯ್ತು.

ಲಕ್ಷ್ಮಯ್ಯ ಬಯ್ಯಲಿಲ್ಲ. ಚೀಲ ಎತ್ತಿ ಹೆಗಲಿಗೆ ಹಾಕ್ಕೊಂಡ.

"ತಡವಾಗಿ ಬಂತು ಅಂತ ಅಷ್ಟೇ ಹೇಳಿದ್ರೂ ಸಾಕಾಗಿತ್ತು ಕಣಮ್ಮ. ನಾನು ಸುಮ್ನಿರ್ತಿದ್ದೆ."